‘ಆ ಹಳೇ ಸುಳ್ಳು’: ಓವೆನ್‌ನ ಯುದ್ಧವಿರೋಧಿ ಕವಿತೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ತರಗತಿಗೆ ಇಂಗ್ಲಿಷ್ ಕವಿತೆ ಪಾಠ ಮಾಡುವುದು ನನ್ನ ಕೆಲಸ. ಒಂದನೇ ಮಹಾಯುದ್ಧದಲ್ಲಿ ಹೋರಾಡಿದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವೆನ್‌ನ ‘ಡುಲ್ಕೆ ಎಟ್ ಡೆಕೋರುಮ್ ಎಸ್ಟ್’ ಶುರು ಮಾಡಿದ ವಾರವೆಲ್ಲ ಫೋನಿಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಇನ್ನೂ ಜಾಸ್ತಿ. ಒಂದೇ ಉತ್ತರವನ್ನು ಎಷ್ಟು ಸಲ ಟೈಪ್ ಮಾಡುವುದು ಅಂತ ಎಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಕವಿತೆ ಇರುವುದು 28 ಸಾಲು. ಪಕ್ಕದಲ್ಲಿ ಇಟ್ಟುಕೊಂಡೇ ಓದಿ.

ಮೊದಲು ಕಥೆ ಹೇಳಿ. ಕವಿತೆಯಲ್ಲಿ ಏನು ನಡೆಯುತ್ತದೆ?

ಒಂದನೇ ಮಹಾಯುದ್ಧದ ಕಾಲ, ಫ್ರಾನ್ಸಿನ ಕಡೆಯ ರಣರಂಗ. ಸೈನಿಕರ ಒಂದು ಗುಂಪು ಮುಂಚೂಣಿಯಿಂದ ವಿಶ್ರಾಂತಿಗೆ ಅಂತ ವಾಪಸ್ ಬರುತ್ತಿದೆ. ಕೆಸರಲ್ಲಿ ಕಾಲೆಳೆಯುತ್ತಾ, ಕೆಮ್ಮುತ್ತಾ, ಬೈಯುತ್ತಾ ನಡೆಯುತ್ತಿದ್ದಾರೆ. ಹಲವರ ಕಾಲಲ್ಲಿ ಬೂಟೇ ಇಲ್ಲ. ಇದ್ದಕ್ಕಿದ್ದಂತೆ ವಿಷಾನಿಲದ ದಾಳಿ. ಎಲ್ಲರೂ ತಡಬಡಾಯಿಸಿ ಮುಖವಾಡ ಹಾಕಿಕೊಳ್ಳುತ್ತಾರೆ. ಒಬ್ಬನಿಗೆ ಆಗುವುದಿಲ್ಲ. ಅವನು ಉಸಿರುಕಟ್ಟಿ ಒದ್ದಾಡುವುದನ್ನು ಕವಿ ಮುಖವಾಡದ ಗಾಜಿನ ಹಿಂದಿನಿಂದ ನೋಡುತ್ತಾನೆ. ಅವನನ್ನು ಗಾಡಿಗೆ ಎಸೆದು, ಗಾಡಿಯ ಹಿಂದೆ ನಡೆಯುತ್ತಾರೆ. ಕಥೆ ಅಷ್ಟೇ. ಕೊನೆಗೆ ಕವಿ ನಮ್ಮ ಕಡೆ ತಿರುಗಿ, ಇದನ್ನು ನೀನು ನೋಡಿದ್ದರೆ ಮಕ್ಕಳಿಗೆ ಆ ಹಳೇ ಸುಳ್ಳನ್ನು ಹೇಳುತ್ತಿರಲಿಲ್ಲ ಅನ್ನುತ್ತಾನೆ.

ಗಮನಿಸಿ, ಶತ್ರು ಸೈನಿಕ ಒಬ್ಬನೂ ಇಲ್ಲ. ಯಾರೂ ಗುಂಡು ಹಾರಿಸುವುದಿಲ್ಲ. ಇವರು ಯುದ್ಧಕ್ಕೆ ಹೋಗುತ್ತಲೂ ಇಲ್ಲ, ಬರುತ್ತಿದ್ದಾರೆ.

ಶೀರ್ಷಿಕೆ ಯಾವ ಭಾಷೆಯದು? ಅರ್ಥ ಏನು?

ಲ್ಯಾಟಿನ್. ಕ್ರಿಸ್ತಪೂರ್ವ ಒಂದನೇ ಶತಮಾನದ ರೋಮನ್ ಕವಿ ಹೊರೇಸ್‌ನ ಸಾಲು. ‘ತಾಯ್ನಾಡಿಗಾಗಿ ಸಾಯುವುದು ಸಿಹಿ, ಅದು ಒಪ್ಪುವಂಥದ್ದು’ ಅನ್ನುವುದು ಪೂರ್ತಿ ಮಾತು. ಇಂಗ್ಲೆಂಡಿನ ಒಳ್ಳೆಯ ಶಾಲೆಗಳಲ್ಲಿ ಹುಡುಗರು ಇದನ್ನು ಬಾಯಿಪಾಠ ಮಾಡುತ್ತಿದ್ದರು. ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ 1913ರಲ್ಲಿ ಇದನ್ನೇ ಕೆತ್ತಿಸಿದರು. ಮುಂದಿನ ವರ್ಷವೇ ಯುದ್ಧ.

ಓವೆನ್ 1917ರ ಅಕ್ಟೋಬರ್‌ನಲ್ಲಿ ಈ ಕವಿತೆಯನ್ನು ತಾಯಿಗೆ ಕಳಿಸುವಾಗ ಕಾಗದದಲ್ಲಿ ಆ ಮಾತಿನ ಅರ್ಥ ಬರೆದು, ‘ಸಿಹಿಯಂತೆ!’ ಅನ್ನುವ ಧಾಟಿಯಲ್ಲಿ ಕುಟುಕುತ್ತಾನೆ. ಶೀರ್ಷಿಕೆಯಲ್ಲಿ ಅರ್ಧ ಸಾಲು ಮಾತ್ರ ಇದೆ, ‘ಸಿಹಿ ಮತ್ತು ಒಪ್ಪುವಂಥದ್ದು’ ಅನ್ನುವಷ್ಟು. ಏನು ಸಿಹಿ? ಅದಕ್ಕೆ 28ನೇ ಸಾಲಿನ ತನಕ ಕಾಯಬೇಕು.

ವಸ್ತು ಏನು ಅಂತ ಕೇಳಿದರೆ ‘ಯುದ್ಧ ಕೆಟ್ಟದ್ದು’ ಅಂತ ಬರೆದರೆ ಸಾಲದಾ?

ಸಾಲದು. ಯುದ್ಧ ಕೆಟ್ಟದ್ದು ಅಂತ ಹೇಳುವುದಕ್ಕೆ ಕವಿತೆ ಯಾಕೆ ಬೇಕು, ಅಲ್ವಾ?

ಈ ಕವಿತೆಯ ಜಗಳ ಇರುವುದು ಒಂದು ವಾಕ್ಯದ ಜೊತೆ. ಯಾವನೋ ಎರಡು ಸಾವಿರ ವರ್ಷ ಹಿಂದೆ ಬರೆದ ಸೊಗಸಾದ ವಾಕ್ಯ. ಕೇಳಲು ಇಂಪು, ಬಾಯಿಪಾಠಕ್ಕೆ ಸುಲಭ, ಗೋಡೆಗೆ ಕೆತ್ತಲು ಚಂದ. ಆ ಅಂದದಿಂದಾಗಿಯೇ ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಓವೆನ್ ಮಾಡುವುದು ಇಷ್ಟು: ಆ ವಾಕ್ಯದ ಪಕ್ಕದಲ್ಲಿ ಒಬ್ಬ ಮನುಷ್ಯ ಸಾಯುವುದನ್ನು ಇಡುತ್ತಾನೆ. ‘ಸಿಹಿ’ ಅನ್ನುವ ಪದದ ಪಕ್ಕ ಕಹಿ, ಹುಣ್ಣು, ನೊರೆ. ‘ಒಪ್ಪುವಂಥದ್ದು’ ಅನ್ನುವ ಪದದ ಪಕ್ಕ ‘ಅಬ್ಸೀನ್’, ಅಂದರೆ ನೋಡಬಾರದ, ಹೇಸಿಗೆಯ ನೋಟ. ಆಮೇಲೆ ಈ ಎರಡರಲ್ಲಿ ಯಾವುದು ನಿಜ ಅಂತ ಕೇಳುತ್ತಾನೆ.

ಹಾಗಾಗಿ ಇಲ್ಲಿ ‘ವಸ್ತು’ ಬೇರೆ, ‘ಭಾಷೆ’ ಬೇರೆ ಅಂತ ಎರಡು ಶೀರ್ಷಿಕೆ ಹಾಕಿ ಉತ್ತರ ಬರೆಯುವುದೇ ನನಗೆ ಸರಿ ಅನ್ನಿಸುವುದಿಲ್ಲ. ಚಂದದ ಮಾತು ಮನುಷ್ಯರನ್ನು ಸಾವಿಗೆ ಕಳಿಸುತ್ತದೆ ಅನ್ನುವುದೇ ವಸ್ತು. ಭಾಷೆಯೇ ಇಲ್ಲಿ ಆರೋಪಿ.

‘ಮೈ ಫ್ರೆಂಡ್’ ಅಂತ ಕರೆಯುವುದು ಯಾರನ್ನು?

ಕರಡು ಪ್ರತಿಗಳಲ್ಲಿ ‘ಜೆಸ್ಸಿ ಪೋಪ್ ಮುಂತಾದವರಿಗೆ’ ಅಂತ ಅರ್ಪಣೆ ಇತ್ತು. ಇನ್ನೊಂದು ಕಡೆ ‘ಒಬ್ಬ ಕವಯಿತ್ರಿಗೆ’ ಅಂತ. ಜೆಸ್ಸಿ ಪೋಪ್ ಆಗಿನ ಪತ್ರಿಕೆಗಳಲ್ಲಿ ಹುಡುಗರನ್ನು ಸೇನೆಗೆ ಸೇರಲು ಹುರಿದುಂಬಿಸುವ ಪದ್ಯ ಬರೆಯುತ್ತಿದ್ದವರು. ಯುದ್ಧ ಅಂದರೆ ದೊಡ್ಡದೊಂದು ಆಟ, ಆಡಲು ಯಾರು ಬರುತ್ತೀರಿ ಅನ್ನುವ ಧಾಟಿ. ಕೊನೆಗೆ ಓವೆನ್ ಆ ಅರ್ಪಣೆಯನ್ನು ಹೊಡೆದು ಹಾಕಿದ. ಒಳ್ಳೆಯದೇ ಆಯಿತು. ಇಲ್ಲದಿದ್ದರೆ ನಾವು ಓದಿ, ‘ಓಹೋ, ಆ ಹೆಂಗಸಿಗೆ ಬೈದಿದ್ದಾನೆ’ ಅಂತ ಪುಸ್ತಕ ಮುಚ್ಚುತ್ತಿದ್ದೆವು. ಈಗ ಆ ‘ನೀನು’ ಯಾರು ಓದುತ್ತಾರೋ ಅವರೇ.

‘ಫ್ರೆಂಡ್’ ಅನ್ನುವುದು ಸ್ನೇಹದ ಮಾತಲ್ಲ. ನಮ್ಮಲ್ಲಿ ಬಸ್ಸಿನಲ್ಲಿ ಜಗಳಕ್ಕೆ ಮುಂಚೆ ‘ಅಲ್ಲಾ ಸ್ವಾಮೀ...’ ಅಂತ ಶುರು ಮಾಡುತ್ತಾರಲ್ಲ, ಆ ಧ್ವನಿ.

‘ಹಸಿರು ಸಮುದ್ರ’ ಯಾಕೆ? ಅದು ಬರೀ ಕಲ್ಪನೆಯಾ?

ಅಲ್ಲ. ಪಶ್ಚಿಮ ರಣರಂಗದಲ್ಲಿ ಜರ್ಮನ್ನರು ದೊಡ್ಡ ಪ್ರಮಾಣದಲ್ಲಿ ಕ್ಲೋರಿನ್ ಬಿಟ್ಟದ್ದು 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ ಊರಿನ ಹತ್ತಿರ. ಕ್ಲೋರಿನ್ ಹಳದಿ ಮಿಶ್ರಿತ ಹಸಿರು ಬಣ್ಣದ ಅನಿಲ. ಅದನ್ನು ಮುಖವಾಡದ ಮಸುಕು ಗಾಜಿನಿಂದ ನೋಡಿದರೆ ಎಲ್ಲವೂ ನೀರಿನಡಿ ಕಂಡಂತೆ ಕಾಣುತ್ತದೆ.

‘ಮುಳುಗುವುದು’ ಅನ್ನುವುದೂ ಪೂರ್ತಿ ಉಪಮೆಯಲ್ಲ. ಕ್ಲೋರಿನ್ ಶ್ವಾಸಕೋಶವನ್ನು ಸುಡುತ್ತದೆ, ಒಳಗೆ ದ್ರವ ತುಂಬಿಕೊಳ್ಳುತ್ತದೆ. ಒಣ ನೆಲದ ಮೇಲೆ ನಿಂತ ಮನುಷ್ಯ ತನ್ನದೇ ಮೈಯ ನೀರಿನಲ್ಲಿ ಮುಳುಗುತ್ತಾನೆ. ಈ ಕವಿತೆಯಲ್ಲಿ ಎಷ್ಟೋ ಕಡೆ ಹೀಗೆ. ಅಲಂಕಾರ ಅಂದುಕೊಂಡದ್ದು ವೈದ್ಯರ ವರದಿಯಾಗಿರುತ್ತದೆ.

ಒಂದು ಮಾತು, ಇದು ಬರೀ ಬಿಳಿಯರ ಕಥೆ ಅಂದುಕೊಳ್ಳಬೇಡಿ. 1915ರ ಏಪ್ರಿಲ್ 26ರಂದು ಅದೇ ಈಪ್ರದಲ್ಲಿ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಅನಿಲದ ಎದುರು ನಿಂತಿತ್ತು. ಆ ದಿನದ ಶೌರ್ಯಕ್ಕೆ ಜಮಾದಾರ್ ಮೀರ್ ದಸ್ತ್‌ಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು.

ಉಪಮೆಗಳನ್ನು ಹೇಗೆ ವಿವರಿಸುವುದು? ತುಂಬಾ ಇವೆ.

ಎಲ್ಲವನ್ನೂ ಬರೆಯಲು ಹೋಗಬೇಡಿ. ಅವು ಯಾವ ಕಡೆ ಎಳೆಯುತ್ತವೆ ನೋಡಿ. ಮೊದಲ ಸಾಲಿನಲ್ಲೇ ಸೈನಿಕರು ‘ಗೋಣಿಚೀಲ ಹೊತ್ತ ಮುದಿ ಭಿಕ್ಷುಕರಂತೆ’ ಬಾಗಿದ್ದಾರೆ. ಎರಡನೇ ಸಾಲಿನಲ್ಲಿ ‘ಮುದಿ ಹೆಂಗಸರಂತೆ’ ಕೆಮ್ಮುತ್ತಾರೆ. ಇವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗರು. ಕವಿತೆ ಬರೆದಾಗ ಓವೆನ್‌ಗೇ 24 ವರ್ಷ. ಸೇನೆಗೆ ಸೇರಿಸುವ ಪೋಸ್ಟರ್‌ನಲ್ಲಿ ಇರುವವನು ನೆಟ್ಟಗೆ ನಿಂತ ಯುವಕ. ಅವನನ್ನು ಕವಿ ಎರಡೇ ಸಾಲಿನಲ್ಲಿ ಬಗ್ಗಿಸಿ, ಮುದುಕನನ್ನಾಗಿ ಮಾಡಿ, ಗಂಡಸುತನದ ಜಂಬವನ್ನೂ ಕಿತ್ತುಕೊಳ್ಳುತ್ತಾನೆ.

ಕೊನೆಯ ಭಾಗದಲ್ಲಿ ಸಾಯುತ್ತಿರುವವನ ಮುಖ ‘ಪಾಪ ಮಾಡಿ ಮಾಡಿ ಸಾಕಾಗಿಹೋದ ಸೈತಾನನ’ ಮುಖದಂತೆ ಜೋತಾಡುತ್ತದೆ. ಸೈತಾನನಿಗೇ ಸಾಕಾಗಬೇಕಾದರೆ ಪಾಪ ಎಷ್ಟಾಗಿರಬೇಡ! ನನಗೆ ಇಡೀ ಕವಿತೆಯಲ್ಲಿ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುವ ಉಪಮೆ ಇದೊಂದೇ. ಮಿಕ್ಕೆಲ್ಲ ಕೆಸರು, ಚೀಲ, ಸುಣ್ಣ, ಹುಣ್ಣು ಹೀಗೆ ಕಣ್ಣಿಗೆ ಕಂಡ ವಸ್ತುಗಳು. ಇದು ಮಾತ್ರ ಪುಸ್ತಕದಿಂದ ಬಂದದ್ದು. ನಿಮಗೆ ಹಾಗನ್ನಿಸದಿದ್ದರೆ ವಾದ ಮಾಡಿ, ಅಂಕ ಕಡಿಮೆ ಮಾಡುವುದಿಲ್ಲ.

‘ಎಕ್ಸ್ಟಸಿ ಆಫ್ ಫಂಬ್ಲಿಂಗ್’ ಅಂತ ಯಾಕೆ? ಎಕ್ಸ್ಟಸಿ ಅಂದರೆ ಆನಂದ ಅಲ್ವಾ?

ಅಲ್ಲೇ ಇರುವುದು ಚುಚ್ಚು. ಆ ಪದಕ್ಕೆ ಗ್ರೀಕ್ ಮೂಲದಲ್ಲಿ ‘ತನ್ನಿಂದ ಹೊರಗೆ ನಿಲ್ಲುವುದು’ ಅನ್ನುವ ಅರ್ಥ. ಭಕ್ತಿಯಲ್ಲೂ ಹಾಗಾಗಬಹುದು, ಭಯದಲ್ಲೂ ಆಗಬಹುದು. ಕನ್ನಡದ ‘ಪರವಶ’ ಇದಕ್ಕೆ ತುಂಬಾ ಹತ್ತಿರ. ಭಜನೆಯಲ್ಲಿ ಪರವಶರಾಗುತ್ತೇವೆ. ಇಲ್ಲಿ ಹುಡುಗರು ಮುಖವಾಡ ಎಳೆದುಕೊಳ್ಳುವ ಗಡಿಬಿಡಿಯಲ್ಲಿ ಪರವಶರಾಗಿದ್ದಾರೆ. ದೇವರ ಮುಂದೆ ಬಳಸುವ ಪದವನ್ನು ತಂದು ತಡವರಿಸುವ ಬೆರಳುಗಳಿಗೆ ಕೊಟ್ಟಿದ್ದಾನೆ.

ಕವಿತೆಯ ಆಕಾರದ ಬಗ್ಗೆ ಏನಾದರೂ ಹೇಳಲೇಬೇಕಾ?

ಹೇಳಿದರೆ ಒಳ್ಳೆಯದು, ಚಿಕ್ಕದಾಗಿ. ಭಾಗಗಳು 8, 6, 2, 12 ಸಾಲಿನವು. ಎಂಟು ಮತ್ತು ಆರು ಕೂಡಿದರೆ 14, ಅಂದರೆ ಒಂದು ಸಾನೆಟ್‌ನ ಅಳತೆ. ಸಾನೆಟ್ ಅಂದರೆ ಹೆಚ್ಚಾಗಿ ಪ್ರೇಮದ ಬಗ್ಗೆ ಬರೆಯುತ್ತಿದ್ದ ಹದಿನಾಲ್ಕು ಸಾಲಿನ ಪದ್ಯ. ಎರಡು ಮತ್ತು ಹನ್ನೆರಡು ಕೂಡಿದರೂ 14. ಪ್ರೇಮದ ಆ ಪಾತ್ರೆಯನ್ನು ಒಡೆದು ಇದನ್ನು ತುಂಬಿದ್ದಾನೆ ಅನ್ನಬಹುದು.

ಅದಕ್ಕಿಂತ ಮುಖ್ಯವಾದದ್ದು ಆ ಒಂಟಿ ಎರಡು ಸಾಲು. ಹಿಂದಿನ ಭಾಗ ‘ಡ್ರೌನಿಂಗ್’ ಅಂತ ಮುಗಿಯುತ್ತದೆ. ಈ ಎರಡು ಸಾಲೂ ‘ಡ್ರೌನಿಂಗ್’ ಅಂತಲೇ ಮುಗಿಯುತ್ತವೆ. ಅಂತ್ಯಪ್ರಾಸಕ್ಕೆ ಬೇರೆ ಪದ ಸಿಗಲಿಲ್ಲ ಅಂತಲ್ಲ. ಕನಸಿನಲ್ಲಿ ಅದೇ ದೃಶ್ಯ ಮತ್ತೆ ಬರುತ್ತದೆ, ಹಾಗೇ ಪದವೂ ಮತ್ತೆ ಬರುತ್ತದೆ. ಕ್ರಿಯಾಪದವೂ ಇಲ್ಲಿ ಬದಲಾಗುತ್ತದೆ. ಅಲ್ಲಿಯವರೆಗೆ ‘ನಡೆದೆವು’, ‘ನೋಡಿದೆ’ ಅಂತ ಭೂತಕಾಲ. ಇಲ್ಲಿ ‘ಅವನು ನನ್ನ ಮೇಲೆ ಬಂದು ಬೀಳುತ್ತಾನೆ’ ಅಂತ ವರ್ತಮಾನ. ಘಟನೆ ಮುಗಿದಿದೆ, ಅವನಿಗೆ ಮುಗಿದಿಲ್ಲ.

ಓವೆನ್‌ಗೆ ನಿಜವಾಗಿ ಅಂಥ ಕನಸುಗಳು ಬೀಳುತ್ತಿದ್ದವಾ?

ಅವನು ಇದನ್ನು ಬರೆದದ್ದು ಎಡಿನ್‌ಬರೋ ಊರಿನ ಕ್ರೇಗ್‌ಲಾಕ್‌ಹಾರ್ಟ್ ಸೈನಿಕ ಆಸ್ಪತ್ರೆಯಲ್ಲಿ. 1917ರಲ್ಲಿ ‘ಶೆಲ್ ಶಾಕ್’ ಅಂತ ಅಲ್ಲಿಗೆ ಕಳಿಸಿದ್ದರು. ಷೆಲ್ ಸಿಡಿದು, ಮನಸ್ಸು ಕದಡಿ ಹೋದವರ ಆಸ್ಪತ್ರೆ ಅದು. ರಾತ್ರಿಯ ದುಃಸ್ವಪ್ನ ಅಲ್ಲಿ ಎಲ್ಲರಿಗೂ ಗೊತ್ತಿದ್ದ ಕಾಯಿಲೆ. ಅಲ್ಲೇ ಅವನಿಗೆ ಸೀಗ್‌ಫ್ರೀಡ್ ಸಸೂನ್ ಸಿಕ್ಕಿದ್ದು. ಆಗಲೇ ಹೆಸರು ಮಾಡಿದ್ದ ಕವಿ ಸಸೂನ್, ಈ ಹುಡುಗನಿಗೆ ಬೆನ್ನು ತಟ್ಟಿದ, ಕರಡುಗಳನ್ನು ತಿದ್ದಿಕೊಟ್ಟ.

ಇಲ್ಲಿ ಒಂದು ಪದದ ಬಗ್ಗೆ ಹೇಳಲೇಬೇಕು. ನೊರೆಗಟ್ಟಿದ ಶ್ವಾಸಕೋಶದಿಂದ ಬರುವ ರಕ್ತ ‘ಕಡ್’ನಷ್ಟು ಕಹಿ ಅನ್ನುತ್ತಾನೆ. ಕಡ್ ಅಂದರೆ ಹಸು ಮೆಲುಕು ಹಾಕುತ್ತದಲ್ಲ, ಆ ಮೆಲುಕು. ನಾವು ಕನ್ನಡದಲ್ಲಿ ‘ಹಳೇ ನೆನಪು ಮೆಲುಕು ಹಾಕುವುದು’ ಅನ್ನುತ್ತೇವೆ. ಬಾಲ್ಯ, ಹಾಸ್ಟೆಲ್ ದಿನಗಳು, ಅಜ್ಜಿ ಮನೆ, ಎಲ್ಲ ಸಿಹಿ ನೆನಪುಗಳು. ಹೊಟ್ಟೆಗೆ ಹೋದದ್ದು ತಾನಾಗಿ ಬಾಯಿಗೆ ವಾಪಸ್ ಬರುವುದೇ ಮೆಲುಕು. ಓವೆನ್‌ಗೂ ನೆನಪು ಹಾಗೇ ವಾಪಸ್ ಬರುತ್ತದೆ, ರಾತ್ರಿ ರಾತ್ರಿ, ಬೇಡ ಅಂದರೂ. ಇಂಗ್ಲಿಷ್ ಓದುಗರಿಗೆ ‘ಕಡ್’ ಅಂದರೆ ಮೊದಲು ದನದ ವಿಷಯ, ‘ಕಡ್ ಅಗಿಯುವುದು’ ಅಂದರೆ ಯೋಚನೆ ಮಾಡುವುದು ಅಂತಲೂ ಇದೆ. ಕನ್ನಡದವರಿಗೆ ಅದರಲ್ಲೇ ನೆನಪೂ ಇದೆ. ಮೂಲಕ್ಕಿಂತ ಅನುವಾದದಲ್ಲಿ ಜಾಸ್ತಿ ಸಿಗುವುದು ಅಪರೂಪ. ಇಲ್ಲಿ ಸಿಗುತ್ತದೆ.

ಕನ್ನಡಕ್ಕೆ ತರಲು ನೋಡಿದೆ, ಕೊನೆಯ ಭಾಗ ಬರುತ್ತಲೇ ಇಲ್ಲ. ಏನು ಮಾಡಲಿ?

ನನಗೂ ಬಂದಿಲ್ಲ. ತೊಡಕು ಎಲ್ಲಿದೆ ಅಂತ ಮಾತ್ರ ಹೇಳಬಲ್ಲೆ. ಕೊನೆಯ ಹನ್ನೆರಡು ಸಾಲೂ ಸೇರಿ ಒಂದೇ ವಾಕ್ಯ. ‘ಇಫ್’ ಅಂತ ಶುರುವಾಗಿ, ಎಂಟು ಸಾಲು ಆ ‘ಇಫ್’ ಮೇಲೆಯೇ ತೂಗಾಡುತ್ತದೆ. ಕನ್ನಡದಲ್ಲಿ ಆ ‘ಇಫ್’ ಕ್ರಿಯಾಪದದ ಬಾಲದಲ್ಲಿ ಬರುತ್ತದೆ: ‘ನೋಡಿದ್ದರೆ’, ‘ಕೇಳಿದ್ದರೆ’. ಎಂಟು ಸಾಲು ಓದುವವರೆಗೂ ಇದು ಷರತ್ತು ಅಂತ ಗೊತ್ತೇ ಆಗುವುದಿಲ್ಲ. ‘ಕನಸಿನಲ್ಲಾದರೂ ನೀನು’ ಅಂತ ಶುರು ಮಾಡಿ ಸ್ವಲ್ಪ ಸುಳಿವು ಕೊಡಬಹುದು.

ಇನ್ನೊಂದು ದೊಡ್ಡ ತೊಡಕು. ಕವಿತೆ ಲ್ಯಾಟಿನ್ ಸಾಲಿನ ಮೇಲೆ ಮುಗಿಯಬೇಕು. ಆದರೆ ನಮ್ಮ ವಾಕ್ಯ ‘ಹೇಳುತ್ತಿರಲಿಲ್ಲ’ ಅಂತ ಮುಗಿಯುತ್ತದೆ. ಸುಳ್ಳು ಮೊದಲು ಬಂದು, ನಿರಾಕರಣೆ ಕೊನೆಗೆ ಬರುತ್ತದೆ. ಓವೆನ್‌ನಲ್ಲಿ ತಿರುಗು ಮುರುಗು. ಮೊದಲು ನಿರಾಕರಿಸಿ, ಆಮೇಲೆ ಸುಳ್ಳನ್ನು ನಮ್ಮ ಕಿವಿಯಲ್ಲಿ ಬಿಟ್ಟು ಹೋಗುತ್ತಾನೆ. ವಾಕ್ಯವನ್ನು ಒಡೆಯದೆ ದಾರಿಯಿಲ್ಲ.

‘ಲೈ’ ಪದಕ್ಕೆ ದೊಡ್ಡ ‘ಎಲ್’ ಅಕ್ಷರ ಹಾಕಿದ್ದಾನೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ‘ಸುಳ್ಳು’ ಬರೆದರೆ ಮಗು ಹೇಳುವ ಸುಳ್ಳೂ ಅದೇ, ಇದೂ ಅದೇ. ‘ಆ ಹಳೇ ಸುಳ್ಳು’ ಅನ್ನುವಲ್ಲಿ ‘ಆ’ ಮೇಲೆ ಒತ್ತು ಕೊಟ್ಟರೆ ಸ್ವಲ್ಪ ದಕ್ಕುತ್ತದೆ.

ನಮ್ಮಲ್ಲಿ ಇಂಥ ‘ಹಳೇ ಸುಳ್ಳು’ ಇದೆಯಾ?

ಊರಾಚೆ ಇರುವ ವೀರಗಲ್ಲುಗಳ ಹತ್ತಿರ ಹೋಗಿ ನೋಡಿ. ಹಲವು ವೀರಗಲ್ಲು ಶಾಸನಗಳಲ್ಲಿ ಒಂದು ಸಂಸ್ಕೃತ ಶ್ಲೋಕ ಬರುತ್ತದೆ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನೀ ಕಾಯೇ ಕಾ ಚಿಂತಾ ಮರಣೇ ರಣೇ’. ಗೆದ್ದರೆ ಸಂಪತ್ತು, ಸತ್ತರೆ ಅಪ್ಸರೆ, ಕ್ಷಣದಲ್ಲಿ ಅಳಿಯುವ ಮೈ ಇದು, ರಣದಲ್ಲಿ ಸಾಯಲು ಚಿಂತೆ ಯಾಕೆ? ಹೊರೇಸ್‌ನ ಸಾಲಿನ ಅಣ್ಣನೋ ತಮ್ಮನೋ ಇದ್ದಂತಿದೆ. ಇದೂ ಚಂದದ ಸಾಲು, ಇದನ್ನೂ ಕಲ್ಲಿನಲ್ಲೇ ಕೆತ್ತಿದ್ದಾರೆ.

ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವಸಾನ್ನಿಧ್ಯದಲ್ಲಿ ಕೂತಿರುತ್ತಾನೆ. ಓವೆನ್‌ನ ಕವಿತೆಯಲ್ಲೂ ಸಾಯುತ್ತಿರುವವನನ್ನು ಎತ್ತುತ್ತಾರೆ, ಎತ್ತಿ ಗಾಡಿಗೆ ಎಸೆಯುತ್ತಾರೆ. ‘ಫ್ಲಂಗ್’ ಅನ್ನುವುದು ಮೂಟೆ ಬಿಸಾಡುವುದಕ್ಕೆ ಬಳಸುವ ಪದ. ಮಧ್ಯದ ಪಟ್ಟಿಯೂ ಇಲ್ಲ, ಮೇಲಿನದೂ ಇಲ್ಲ. ಕೆಳಗಿನ ಪಟ್ಟಿಯಲ್ಲೇ ಕವಿತೆ ನಿಂತುಬಿಡುತ್ತದೆ.

ಹಾಗಂತ ವೀರಗಲ್ಲೆಲ್ಲ ಸುಳ್ಳು ಅಂತ ಬರೆಯಬೇಡಿ. ಎಷ್ಟೋ ಕಲ್ಲುಗಳು ಊರಿನ ದನಗಳನ್ನು ಕಳ್ಳರಿಂದ ಬಿಡಿಸಿಕೊಳ್ಳಲು ಹೋಗಿ ಸತ್ತವರದ್ದು. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಬಿಟ್ಟುಕೊಟ್ಟ ಶಾಸನಗಳೂ ಇವೆ. ಊರು ಅವನ ಹೆಸರು ಉಳಿಸಿತು. ಓವೆನ್‌ನ ಸೈನಿಕನಿಗೆ ಹೆಸರೇ ಇಲ್ಲ. ‘ಸಮ್‌ಒನ್’, ಯಾರೋ ಒಬ್ಬ, ಆಮೇಲೆ ಬರೀ ‘ಅವನು’.

ಇಷ್ಟೆಲ್ಲ ಬರೆದ ಓವೆನ್ ಹೇಡಿಯಾಗಿದ್ದನಾ?

ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಅವನು 1918ರಲ್ಲಿ ಮತ್ತೆ ಫ್ರಾನ್ಸಿಗೆ, ಮುಂಚೂಣಿಗೆ ಹೋದ. ಆ ಅಕ್ಟೋಬರ್‌ನ ಹೋರಾಟಕ್ಕೆ ಮಿಲಿಟರಿ ಕ್ರಾಸ್ ಪದಕ ಬಂತು. 1918ರ ನವೆಂಬರ್ 4ರಂದು ಓರ್ಸ್ ಹಳ್ಳಿಯ ಹತ್ತಿರ ಕಾಲುವೆ ದಾಟುವ ಕಾಳಗದಲ್ಲಿ ಸತ್ತ. 25 ವರ್ಷ. ಸರಿಯಾಗಿ ಒಂದು ವಾರಕ್ಕೆ ಯುದ್ಧ ನಿಂತಿತು. ಅವನ ಸಾವಿನ ತಂತಿ ಮನೆ ತಲುಪಿದ್ದು ನವೆಂಬರ್ 11ರಂದು, ಊರಿನಲ್ಲಿ ಶಾಂತಿಯ ಗಂಟೆಗಳು ಬಾರಿಸುತ್ತಿದ್ದಾಗ. ಈ ಕವಿತೆ ಅಚ್ಚಾದದ್ದು 1920ರಲ್ಲಿ.

ಅದೇ 1920ರಲ್ಲಿ ಅವನ ತಾಯಿ ರವೀಂದ್ರನಾಥ ಟ್ಯಾಗೋರರಿಗೆ ಒಂದು ಕಾಗದ ಬರೆದರು. ಮಗ ಕೊನೆಯ ಸಲ ಹೊರಡುವಾಗ ಹೇಳಿದ್ದು ಗೀತಾಂಜಲಿಯ ಸಾಲನ್ನು, ಅವನ ಪಾಕೆಟ್ ಪುಸ್ತಕ ವಾಪಸ್ ಬಂದಾಗ ಅದರಲ್ಲೂ ಆ ಸಾಲು ನಿಮ್ಮ ಹೆಸರಿನ ಜೊತೆ ಇತ್ತು ಅಂತ. ನಾನು ಕಂಡದ್ದನ್ನು ಮೀರಿಸುವಂಥದ್ದು ಇಲ್ಲ ಅನ್ನುವ ವಿದಾಯದ ಸಾಲು ಅದು. ಅನಿಲದ ಕವಿತೆ ಬರೆದವನು ಹೊರಡುವಾಗ ಇದನ್ನು ಹೇಳಿದ. ಇವೆರಡನ್ನೂ ಹೇಗೆ ಒಟ್ಟಿಗೆ ಇಡುವುದು ಅಂತ ನಾನು ಇನ್ನೂ ಯೋಚಿಸುತ್ತಿದ್ದೇನೆ.

ಇದು ಕವಿತೆಯೋ ಪ್ರಚಾರವೋ?

ಕವಿ ಯೇಟ್ಸ್‌ಗೆ ಇದು ಒಪ್ಪಿಗೆಯಾಗಲಿಲ್ಲ. 1936ರಲ್ಲಿ ತಾನು ಸಂಪಾದಿಸಿದ ಆಧುನಿಕ ಕವಿತೆಗಳ ಸಂಕಲನದಿಂದ ಓವೆನ್‌ನನ್ನು ಹೊರಗಿಟ್ಟ. ಸುಮ್ಮನೆ ನೋವು ಉಣ್ಣುವುದು ಕಾವ್ಯದ ವಸ್ತುವಲ್ಲ ಅನ್ನುವುದು ಅವನ ವಾದ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಓವೆನ್ ಸುಮ್ಮನೆ ಉಣ್ಣುತ್ತಿಲ್ಲ, ಕೊನೆಯ ಹನ್ನೆರಡು ಸಾಲಿನಲ್ಲಿ ಎದುರಿಗಿರುವವರ ಕೊರಳಪಟ್ಟಿ ಹಿಡಿದಿದ್ದಾನೆ. ಒಂದು ಗುರಿ ಇಟ್ಟುಕೊಂಡೇ ಬರೆದ ಕವಿತೆ ಇದು, ನಿಜ. ಆದರೆ ಪ್ರಚಾರದ ಪದ್ಯಕ್ಕೆ ‘ನಾನು ಅಸಹಾಯಕನಾಗಿ ನೋಡುತ್ತಾ ನಿಂತಿದ್ದೆ’ ಅಂತ ಒಪ್ಪಿಕೊಳ್ಳುವ ಗತಿ ಇರುವುದಿಲ್ಲ.

ಪರೀಕ್ಷೆಯಲ್ಲಿ ಅಲಂಕಾರಗಳ ಪಟ್ಟಿ ಕೊಟ್ಟರೆ ಅಂಕ ಬರುತ್ತದಾ?

ಬರುತ್ತದೆ, ಅರ್ಧ. ‘ಇಲ್ಲಿ ಉಪಮೆ ಇದೆ, ಇದರಿಂದ ಕವಿತೆ ಪರಿಣಾಮಕಾರಿಯಾಗಿದೆ’ ಅಂತ ಬರೆದ ಉತ್ತರಗಳನ್ನು ನಾನು ಕಂತೆಗಟ್ಟಲೆ ನೋಡಿದ್ದೇನೆ. ಅದು ಯಾವ ಕವಿತೆಗೆ ಬೇಕಾದರೂ ಹೊಂದುತ್ತದೆ. ಒಂದು ಪದ ಹಿಡಿದು ಕೊನೆವರೆಗೆ ಹೋಗಿ. ಉದಾಹರಣೆಗೆ ‘ಆರ್ಡೆಂಟ್’. ಕೀರ್ತಿಗಾಗಿ ಹಂಬಲಿಸುವ ಮಕ್ಕಳಿಗೆ ಕವಿ ಈ ಪದ ಬಳಸುತ್ತಾನೆ. ಲ್ಯಾಟಿನ್‌ನಲ್ಲಿ ಅದರ ಬೇರು ‘ಉರಿಯುವುದು’. ಹಿಂದೆ ಅನಿಲಕ್ಕೆ ಸಿಕ್ಕಿದವನು ‘ಬೆಂಕಿಗೋ ಸುಣ್ಣಕ್ಕೋ ಬಿದ್ದವನಂತೆ’ ಒದ್ದಾಡಿದ್ದ. ಆಸೆಯಲ್ಲಿ ಉರಿಯುವ ಮಗುವೇ ಬೆಳೆದು ಆ ಬೆಂಕಿಗೆ ಬೀಳುತ್ತದೆ. ಇಷ್ಟು ಬರೆದರೆ ಮೌಲ್ಯಮಾಪಕರು ಪೆನ್ನು ನಿಲ್ಲಿಸಿ ಓದುತ್ತಾರೆ.

ಕೊನೆಯ ಸಾಲು ಯಾಕೆ ಅಷ್ಟು ಚಿಕ್ಕದು? ಹೇಗೆ ಓದಬೇಕು?

ಮಿಕ್ಕ ಸಾಲುಗಳು ಸಾಮಾನ್ಯವಾಗಿ ಹತ್ತು ಉಚ್ಚಾರಾಂಶ (ಸಿಲಬಲ್) ಉದ್ದ ಅಂದುಕೊಳ್ಳಿ. ಕೊನೆಯದು ಆರಕ್ಕೇ ನಿಂತುಬಿಡುತ್ತದೆ: ‘ಪ್ರೋ ಪಾಟ್ರಿಯಾ ಮೋರಿ’. ಗಟ್ಟಿಯಾಗಿ ಓದಿದರೆ ಮೆಟ್ಟಿಲು ಇದೆ ಅಂತ ಕಾಲಿಟ್ಟಾಗ ಇಲ್ಲದಂತೆ ಆಗುತ್ತದೆ. ‘ಮೋರಿ’ ಅಂತಲೇ ಓದಿ. ಹಿಂದಿನ ‘ಗ್ಲೋರಿ’ಗೆ ಅದು ಪ್ರಾಸ. ಕೀರ್ತಿಗೂ ಸಾಯುವುದಕ್ಕೂ ಒಂದೇ ಸದ್ದು.

ಅಲ್ಲಿಗೆ ಬಂದ ಕೂಡಲೇ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ನಗು. ಪ್ರತಿ ವರ್ಷ. ‘ಮೋರಿನಾ ಸಾರ್?’ ಅಂತ. ಮೊದಮೊದಲು ಗದರಿಸುತ್ತಿದ್ದೆ. ಈಗ ಇಲ್ಲ. ಹದಿನಾರನೇ ಸಾಲಿಗೆ ವಾಪಸ್ ಹೋಗಿ, ಅಲ್ಲಿ ‘ಗಟರಿಂಗ್’ ಅಂತ ಒಂದು ಪದ ಇದೆ, ಅದರ ಅರ್ಥ ನೋಡ್ರಪ್ಪಾ ಅನ್ನುತ್ತೇನೆ. ಮೇಣದ ಬತ್ತಿ ಕರಗಿ ಹರಿದು ಆರುವುದಕ್ಕೆ ಹಾಗನ್ನುತ್ತಾರೆ. ಅದರೊಳಗೆ ಇರುವುದು ‘ಗಟರ್’. ಅಂದರೆ ಮೋರಿ.